ಕೊಪ್ಪರಿಗೆಯ ಕೆಳಗಿನ ಜಾಡು

ಇನ್ಸ್‌ಬ್ರುಕ್, ಡಿಸೆಂಬರ್ 9, 1973

ಸೆಂಜಿಗೆ,

ತೊಡೆಯ ಮೂಳೆಗೆ ಕಬ್ಬಿಣದ ಸರಳು ಹಾಕಿ ಕೂಡಿಸಿದ್ದಾರೆ. ವಸಂತದವರೆಗೆ ಮನೆಯ ಆಸೆ ಬಿಡಿ ಎಂದರು ಡಾಕ್ಟರು. ಪಕ್ಕದ ಹಾಸಿಗೆಯವನು ಯಾವ ಶಿಖರದಿಂದ ಬಿದ್ದಿರಿ ಎಂದು ಕೇಳಿದ. ಒಂದು ಶಿಖರದ ಹೆಸರು ಹೇಳಿದೆ. ಹುಟ್ಟಿದಾಗಿನಿಂದ ಬೆಟ್ಟ ಹತ್ತಿ ಇಳಿದವನು ಕೊನೆಗೆ ಅಡುಗೆಮನೆ ಬಾಗಿಲಿಗೂ ಸೌದೆ ಒಟ್ಟಿಲಿಗೂ ನಡುವೆ ಕಲಗಚ್ಚಿನ ಬಕೆಟ್ ಹಿಡಿದು ಜಾರಿದೆ ಅಂತ ಹೇಗೆ ಹೇಳಲಿ. ಟಪಾಲಿನ ಲೂಯಿಸನ ಬಾಯಿ ಮುಚ್ಚಿಸು.

ಈಗ ಬೆಟ್ಟದ ಮನೆ ನಿನ್ನೊಬ್ಬಳ ಮೇಲೆ ಬಿದ್ದಿದೆ. ಅತಿಥಿಗಳಿಗೆ ಸೂಪು, ಹಾಸಿಗೆ, ಒಲೆ ಇದೆಲ್ಲ ನಿನಗೆ ಹೇಳಿಕೊಡಬೇಕಾಗಿಲ್ಲ. ಹೇಳಬೇಕಾದದ್ದು ಜಾಡಿನ ಮಾತು. ಹಿಮ ಬಿದ್ದು ನಿಂತ ಬೆಳಿಗ್ಗೆ ಮೊದಲು ತುಳಿದವನ ಜಾಡೇ ಆ ದಿನದ ಜಾಡು. ಹಿಂದೆ ಬಂದವನು ಎಷ್ಟೇ ಗಟ್ಟಿಗನಾದರೂ ಪಕ್ಕದಲ್ಲಿ ಇನ್ನೊಂದು ತುಳಿಯುವುದಿಲ್ಲ. ಇದು ನಮ್ಮ ಕಣಿವೆಯ ಮರ್ಯಾದೆ, ನೀನು ಆಚೆ ಕಣಿವೆಯವಳೆಂದು ಮತ್ತೆ ಹೇಳುತ್ತಿದ್ದೇನೆ. ಆದ್ದರಿಂದ ಜಾಡು ನಮ್ಮದೇ ಆಗಿರಬೇಕು. ಸೇತುವೆಯಿಂದ ಬಲಕ್ಕೆ, ಒಂಟಿ ಬಂಡೆಯವರೆಗೆ ನೇರ ಮೇಲೆ, ಅಲ್ಲಿಂದ ಹಿಮ ತುಂಬಿ ನಿಲ್ಲುವ ಆ ಕುಳಿ, ಕೊಪ್ಪರಿಗೆಯ ಕೆಳಗೆ ಅಡ್ಡ ಹಾಯ್ದು ಮನೆ. ನನ್ನ ಅಪ್ಪ ತುಳಿದ ದಾರಿ. ಕೊಪ್ಪರಿಗೆಯ ಕೆಳಗೆ ಮಾತ್ರ ಯಾರೂ ನಿಲ್ಲಬಾರದು, ನಡೆಯುತ್ತಲೇ ಇರಬೇಕು.

ಕಾಲು ತುರಿಸುತ್ತದೆ. ಇಲ್ಲಿಯ ಸಾರಿಗೆ ಉಪ್ಪಿಲ್ಲ.

ನಿನ್ನ ಮಾವ,
ವಿಗಿಲ್


ಬೆಟ್ಟದ ಮನೆ, ಡಿಸೆಂಬರ್ 20

ಮಾವನವರಿಗೆ,

ಲೂಯಿಸ್ ನಿಮ್ಮ ಕಾಗದ ತಂದ. ಅವನ ಬಾಯಿ ಮುಚ್ಚಿಸುವುದು ನನ್ನಿಂದಾಗದ ಕೆಲಸ. ಬಕೆಟ್ಟಿನ ಸುದ್ದಿ ಇಗರ್ಜಿಯವರೆಗೂ ಹೋಗಿದೆ.

ಮೊನ್ನೆ ಸೊಂಟದ ಮಟ್ಟ ಹಿಮ ಬಿತ್ತು. ಬೆಳಕು ಹರಿಯುವ ಮುಂಚೆ ಸ್ಕೀ ಮೇಲೆ ಸೇತುವೆಯವರೆಗೆ ಜಾರಿ ಇಳಿದೆ, ಹಿಂದಕ್ಕೆ ಜಾರದಂತೆ ಸ್ಕೀಯ ಅಡಿಗೆ ತೊಗಲುಪಟ್ಟಿ ಕಟ್ಟಿಕೊಂಡು ಮೇಲಕ್ಕೆ ತುಳಿದೆ. ಮನೆ ಮುಟ್ಟಿ, ಪಟ್ಟಿ ಬಿಚ್ಚಿ, ಮತ್ತೆ ಜಾರಿ, ಮತ್ತೆ ಹತ್ತಿದೆ. ಒಂದೇ ಸಲಕ್ಕೆ ಜಾಡು ಗಟ್ಟಿಯಾಗುವುದಿಲ್ಲ, ಎರಡನೆಯ ಸಲ ತುಳಿದವನೇ ನಿಜವಾಗಿ ಜಾಡು ಮಾಡುವವನು ಎಂದು ಕಲಿಸಿದವರು ನೀವೇ.

ಆದರೆ ನೀವು ಹೇಳಿದ ದಾರಿಯಲ್ಲಿ ತುಳಿಯಲಿಲ್ಲ. ಇದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಸೇತುವೆಯಿಂದ ಎಡಕ್ಕೆ ಹೊರಟು ಲಾರ್ಚ್ ಮರಗಳಿರುವ ಏಣಿನ, ಬೆಟ್ಟದ ಆ ಉಬ್ಬಿದ ಬೆನ್ನಿನ ಮೇಲೆ ಅಂಕುಡೊಂಕಾಗಿ ಹತ್ತಿಸಿದ್ದೇನೆ. ಉದ್ದವಾಯಿತು, ತಿರುವುಗಳೂ ಬಹಳ. ಆದರೆ ತಲೆಯ ಮೇಲೆ ಏನೂ ತೂಗಾಡುವುದಿಲ್ಲ.

ಕೊಪ್ಪರಿಗೆಯ ಕೆಳಗೆ ನಾನು ಜಾಡು ಹಾಕುವುದಿಲ್ಲ ಮಾವ. ಕಾಸಿಯಾನ್ ಹೋಗಿ ಇದು ಮೂರನೆಯ ಚಳಿಗಾಲ. ರೊಟ್ಟಿಯ ಮೂಟೆ ಹೊತ್ತು ನಿಮ್ಮ ಹಿಂದೆಯೇ ಬರುತ್ತಿದ್ದ. ಕೊಪ್ಪರಿಗೆ ತುಂಬಿದ್ದ ಹಿಮವೆಲ್ಲ ಒಟ್ಟಿಗೆ ಕುಸಿದು ಬಂತು. ಸ್ಕೀ ಪಟ್ಟಿ ಬಿಗಿಯಲು ಅವನು ಅಲ್ಲಿ ನಿಂತ, ಅದಕ್ಕೇ ಸಿಕ್ಕಿಕೊಂಡ ಎಂದು ನೀವು ಅಂದಿನಿಂದ ಹೇಳುತ್ತಾ ಬಂದಿದ್ದೀರಿ. ನಾನು ಎದುರು ಮಾತಾಡಲಿಲ್ಲ. ಆದರೆ ನಿಂತರೆ ಸಾಯುವ ಜಾಗದಲ್ಲಿ ನಡೆದರೂ ಸಾಯಬಹುದು. ನಾನು ಅವನ ಹೆಂಡತಿ. ಇನ್ನೊಬ್ಬ ಹೆಂಗಸಿನ ಗಂಡನನ್ನು ಅಲ್ಲಿ ನಡೆಸಿ, ಮೇಲೆ ಬಂದ ಮೇಲೆ ಸೂಪು ಬಡಿಸುವುದು ನನ್ನಿಂದ ಆಗುವುದಿಲ್ಲ.

ಕ್ರಿಸ್‌ಮಸ್ಸಿಗೆ ಒಣಹಣ್ಣಿನ ರೊಟ್ಟಿ ಕಳಿಸುತ್ತಿದ್ದೇನೆ, ಜೊತೆಗೆ ಉಪ್ಪು ಕೂಡ.

ನಿಮ್ಮ ಸೊಸೆ,
ಸೆಂಜಿ


ಇನ್ಸ್‌ಬ್ರುಕ್, ಜನವರಿ 3, 1974

ಸೆಂಜಿ,

ರೊಟ್ಟಿ ಮುಟ್ಟಿತು. ಕಾಗದವೂ ಮುಟ್ಟಿತು. ಅದನ್ನು ಓದಿದ ಮೇಲೆ ರೊಟ್ಟಿಯನ್ನು ಪಕ್ಕದ ಹಾಸಿಗೆಯವನಿಗೆ ಕೊಟ್ಟುಬಿಟ್ಟೆ.

ನಿನಗೆ ಯಾರು ಕೊಟ್ಟರು ಈ ಅಧಿಕಾರ? ಗುತ್ತಿಗೆ ನನ್ನ ಹೆಸರಿನಲ್ಲಿದೆ. ಆ ಜಾಡು ನನ್ನ ಅಪ್ಪನದು, ಅವನ ನಂತರ ನನ್ನದು. ಯುದ್ಧದ ಚಳಿಗಾಲಗಳಲ್ಲೂ ಅದೇ ದಾರಿಯಲ್ಲಿ ನಡೆದೆವು. ಅಷ್ಟು ವರ್ಷಗಳಲ್ಲಿ ಎಷ್ಟು ಜನ ದಾಟಿಲ್ಲ? ಒಂದು ದಿನ ಒಂದು ಸಲ ಕುಸಿಯಿತು. ಅವನು ನಿಂತಿದ್ದ. ನಿಲ್ಲಬೇಡ ಎಂದು ಅವನಿಗೆ ಮಗುವಾಗಿದ್ದಾಗಿನಿಂದ ಹೇಳಿದ್ದೆ. ನಿಂತ. ಇದರಾಚೆಗೆ ಹೇಳುವುದೇನೂ ಇಲ್ಲ, ನೀನೂ ಹೇಳಕೂಡದು.

ಆ ಏಣಿನ ಮೇಲೆ ಹತ್ತಿಸುವ ದಾರಿ ಹಸು ಮೇಯಿಸುವವರದು. ಮನೆಯ ಒಡೆತನದ ಪರ್ವತ ಸಂಘದವರು ಮಾರ್ಚ್ ಕೊನೆಗೆ ಮನೆ ನೋಡಲು ಬರುತ್ತಾರೆ, ಗುತ್ತಿಗೆ ಮುಂದುವರಿಸುವುದೋ ಇಲ್ಲವೋ ಆಗಲೇ ತೀರ್ಮಾನ. ಕಾದು ಕೂತವರು ಕೆಳಗೆ ಬೇಕಾದಷ್ಟು ಜನರಿದ್ದಾರೆ. ಜಾಡು ನೆಟ್ಟಗಿಲ್ಲದ ಮನೆಯನ್ನು ಯಾರ ಕೈಗಾದರೂ ಕೊಟ್ಟುಬಿಡುತ್ತಾರೆ.

ನನ್ನ ತಮ್ಮ ಎಂಗಲ್‌ಬರ್ಟನಿಗೆ ಬರೆದಿದ್ದೇನೆ. ಇನ್ನು ಮೇಲೆ ಹಿಮ ಬಿದ್ದಾಗ ಕೆಳಗಿನಿಂದ ಬಂದು ಹಳೆಯ ಜಾಡು ಅವನು ತುಳಿಯುತ್ತಾನೆ. ನೀನು ಅಡುಗೆ ನೋಡಿಕೋ. ಅದೂ ಬೇಡವೆಂದರೆ ನಿನಗೆ ತವರು ಇದೆ, ಯಾರೂ ಕಟ್ಟಿಹಾಕಿಲ್ಲ.

ವಿಗಿಲ್


ಬೆಟ್ಟದ ಮನೆ, ಜನವರಿ 30

ಮಾವನವರಿಗೆ,

ತವರಿಗೆ ಹೋಗುವುದಿಲ್ಲ. ಈ ಮನೆಯ ಒಲೆಗೆ ಕಾಸಿಯಾನ್ ಮತ್ತು ನಾನು ಸೇರಿ ಕಲ್ಲು ಕೂಡಿಸಿದ್ದೇವೆ. ಅದು ಒಂದು ಮಾತು. ಇನ್ನೊಂದು, ನೀವು ಕಾಗದ ಬರೆದದ್ದರಿಂದ ನನ್ನ ಕಾಲು ನಿಲ್ಲುವುದಿಲ್ಲ.

ಚಿಕ್ಕಮಾವ ಎಂಗಲ್‌ಬರ್ಟ್ ನಿಮ್ಮ ಮಾತನ್ನು ಚಾಚೂ ತಪ್ಪದೆ ನಡೆಸುತ್ತಿದ್ದಾರೆ. ಮೊದಲನೆಯ ಸಲ ನಾನು ಎರಡು ಬಾರಿ ಹತ್ತಿ ಇಳಿದು ಮುಗಿಸಿದ್ದೆ, ಆಗ ಬಂದರು. ಕಣಿವೆಯ ಮರ್ಯಾದೆ ಅವರನ್ನೂ ಕಟ್ಟಿಹಾಕುತ್ತದಲ್ಲ, ಬೈದುಕೊಂಡು ನನ್ನ ಜಾಡಿನಲ್ಲೇ ಹತ್ತಿದರು. ಮೇಲೆ ಬಂದು ಬೆಂಚಿನ ಮೇಲೆ ಬೂಟು ಬಿಚ್ಚುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು.

“ಏನಮ್ಮಾ ಸೆಂಜಿ, ಮರದ ಮಧ್ಯೆ ಆ ಕಡೆಗೊಂದ್ಸಲ ಈ ಕಡೆಗೊಂದ್ಸಲ. ನೀನು ಜಾಡು ತುಳೀತಿದೀಯೋ, ಬೆಟ್ಟಕ್ಕೆ ಜಡೆ ಹೆಣೀತಿದೀಯೋ?”

“ಜಡೆನೇ ಚಿಕ್ಕಮಾವ. ತಲೆ ಉಳಿದ್ರೆ ತಾನೇ ಜಡೆ,” ಎಂದೆ.

ಅತಿಥಿಗಳು ನಕ್ಕರು. ಅವರು ನಗಲಿಲ್ಲ. ಆಮೇಲಿನ ಸಲದಿಂದ ಅವರೂ ಬೇಗ ಏಳತೊಡಗಿದರು, ನಾನು ಇನ್ನೂ ಬೇಗ. ಈಗ ಹಿಮ ಬಿದ್ದ ಬೆಳಿಗ್ಗೆಯೆಲ್ಲ ನಮ್ಮಿಬ್ಬರಿಗೂ ಓಟದ ಪಂದ್ಯ. ನಾನು ಮೇಲಿನಿಂದ ಜಾರಿ ಬರಬೇಕು, ಅವರು ಊರಿನಿಂದ ಬರಬೇಕು, ಸೇತುವೆಯೇ ಗೆರೆ. ಒಂದು ದಿನ ಇಬ್ಬರೂ ಒಟ್ಟಿಗೇ ಸೇತುವೆ ಮುಟ್ಟಿದೆವು. ಅವರು ಟೋಪಿ ತೆಗೆದು ನಮಸ್ಕಾರ ಹೇಳಿದರು, ನಾನೂ ಹೇಳಿದೆ. ಅವರು ಬಲಕ್ಕೆ, ನಾನು ಎಡಕ್ಕೆ. ಆ ದಿನ ಬೆಟ್ಟಕ್ಕೆ ಎರಡು ಜಾಡು. ನಮ್ಮ ಕಣಿವೆಯಲ್ಲಿ ಇಂಥದ್ದು ಯಾರೂ ಕಂಡಿಲ್ಲವೆಂದು ಲೂಯಿಸ್ ಮನೆಮನೆಗೂ ಹೇಳಿಕೊಂಡು ಬಂದ.

ನಿಮ್ಮಿಂದ ಮುಚ್ಚಿಡುವುದಿಲ್ಲ. ಆಮೇಲೂ ಕೆಲವು ಸಲ ಹಾಗಾಗಿದೆ, ಎರಡು ಜಾಡು ಇದ್ದ ದಿನ ಊರಿನ ಹುಡುಗರೆಲ್ಲ ಹಳೆಯದರಲ್ಲೇ ಹೋಗುತ್ತಾರೆ. ಹತ್ತಿರದ್ದಲ್ಲವೇ. ಒಂದು ಸಲ ಹತ್ತಿ ಇಳಿದು ಏನೂ ಆಗಲಿಲ್ಲವೆಂದರೆ ಎರಡನೆಯ ಸಲ ಮೇಲೆ ನೋಡುವುದೂ ಇಲ್ಲ. ಬೆಳಿಗ್ಗೆ ನೆರಳಿದ್ದ ಕೊಪ್ಪರಿಗೆಗೆ ಮಧ್ಯಾಹ್ನ ಬಿಸಿಲು ಬಿದ್ದಿರುತ್ತದೆ, ಅದೇ ಹಿಮ ಬೇರೆಯೇ ಹಿಮವಾಗಿರುತ್ತದೆ. ಆದರೂ ಬೆಳಿಗ್ಗೆ ದಾಟಿದ ಧೈರ್ಯದಲ್ಲೇ ದಾಟುತ್ತಾರೆ. ಇದು ನಮ್ಮವರದೇ ತಪ್ಪು ಮಾವ, ಬೆಟ್ಟ ಗೊತ್ತಿಲ್ಲದವನು ಇಂಥ ತಪ್ಪು ಮಾಡುವುದಿಲ್ಲ, ಹೆದರುತ್ತಾನೆ.

ಏನೂ ಕುಸಿದಿಲ್ಲ. ಅದಕ್ಕೇ ನನ್ನನ್ನು ನೋಡಿ ನಗುತ್ತಾರೆ. ಲಾರ್ಚ್ ಜಾಡಿಗೆ ಸೊಸೆಯ ಜಾಡು ಎಂದು ಹೆಸರಿಟ್ಟಿದ್ದಾರೆ. ಇಡಲಿ. ಕುಸಿದು ನನ್ನ ಮಾತು ನಿಜವಾಗಲಿ ಎಂದು ಒಂದು ದಿನವೂ ನನಗೆ ಅನ್ನಿಸಿಲ್ಲ. ನಗಿಸಿಕೊಂಡೇ ಈ ಚಳಿಗಾಲ ಮುಗಿದರೆ ನನಗೆ ಅಷ್ಟು ಸಾಕು.

ಮೊಣಕಾಲು ಬಾತಿದೆ. ಹಂದಿಕೊಬ್ಬು ತಿಕ್ಕುತ್ತೇನೆ. ಮೋಡ ಕಟ್ಟುತ್ತಿದೆ, ನಾಳೆ ಮತ್ತೆ ಬೇಗ ಏಳಬೇಕು.

ಸೆಂಜಿ


ಇನ್ಸ್‌ಬ್ರುಕ್, ಮಾರ್ಚ್ 2

ಸೆಂಜಿಗೆ,

ಬಹಳ ದಿನ ಬರೆಯಲಿಲ್ಲ. ಕೋಪವಿತ್ತು. ಈಗಲೂ ಇದೆ, ಆದರೆ ದಿನವಿಡೀ ಅದನ್ನೇ ಹಿಡಿದುಕೊಂಡಿರಲು ನನ್ನನ್ನು ಇವರು ಬಿಡುವುದಿಲ್ಲ. ಇಲ್ಲೊಬ್ಬ ಸನ್ಯಾಸಿನಿ ಇದ್ದಾಳೆ, ನನಗೆ ಮೊಮ್ಮಗಳಾಗುವ ವಯಸ್ಸು, ಪೊಲೀಸರಿಗಿಂತ ಕಠಿಣ. ಕೋಲು ಕೊಟ್ಟು ಆಸ್ಪತ್ರೆಯ ಮೆಟ್ಟಿಲು ಹತ್ತಿಸುತ್ತಾಳೆ, ಇಳಿಸುತ್ತಾಳೆ, ಮತ್ತೆ ಹತ್ತಿಸುತ್ತಾಳೆ. ಮೇಲೆ ಹೋದರೆ ನೋಡಲು ಏನೂ ಇಲ್ಲ, ಬಟ್ಟೆ ಒಗೆಯುವ ಕೋಣೆ. ನಿನ್ನೆ ಇಳಿಯುವಾಗ ಗೋಡೆ ಹಿಡಿದು ನಿಂತೆ. ಇಲ್ಲಿ ನಿಂತ್ರೆ ಇಲ್ಲೇ ಇರ್ತೀರಿ ತಾತ, ಎಂದಳು.

ಲೂಯಿಸ್ ನೋಡಲು ಬಂದಿದ್ದ. ಒಣಗಿಸಿದ ಮಾಂಸ ತಂದು ಅರ್ಧ ತಾನೇ ತಿಂದ. ಪಾದ್ರಿಗಳೂ ಬೇಕರಿಯ ಮುದುಕಿಯೂ ಚಳಿಗಾಲದಲ್ಲಿ ಇದೇ ಮೊದಲು ಬೆಟ್ಟದ ಮನೆಗೆ ಬಂದರಂತೆ, ನಿನ್ನ ಜಾಡಿನಲ್ಲಿ. ಮುದುಕಿ ಉಸಿರು ಕಟ್ಟದೆ ಮೇಲೆ ಬಂದಳು ಎಂದ. ಆ ಏಣಿನ ನಡುವೆ ಕಪ್ಪು ಬಂಡೆ ಇದೆಯಲ್ಲ, ಅದನ್ನು ನೀನು ಯಾವ ಕಡೆಯಿಂದ ಸುತ್ತಿದೆ? ಎಡದಿಂದಲಾದರೆ ತಿರುವು ಇಕ್ಕಟ್ಟು, ಬಲದಿಂದಲಾದರೆ ಗಾಳಿ ಒಟ್ಟಿದ ಹಿಮ. ನಾನು ಹುಡುಗನಾಗಿದ್ದಾಗ ಒಮ್ಮೆ ನೋಡಿ ಆಗುವುದಿಲ್ಲವೆಂದು ಬಿಟ್ಟಿದ್ದೆ.

ಕೇಳಿದೆ ಅಷ್ಟೇ. ಒಪ್ಪಿದೆ ಎಂದು ತಿಳಿಯಬೇಡ. ಸಂಘದವರು ಬರುವ ದಿನ ಹಳೆಯ ಜಾಡೇ ಇರಬೇಕು. ಯಾಕೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿದೆ, ಹೇಳುತ್ತೇನೆ. ನೀನು ಜಾಡು ಬದಲಿಸಿದರೆ ಊರಿನವರು ಏನೆನ್ನುತ್ತಾರೆ ಗೊತ್ತೇ? ಇದನ್ನು ಮೂರು ವರ್ಷ ಮೊದಲೇ ವಿಗಿಲ್ ಮಾಡಬಹುದಿತ್ತು ಎನ್ನುತ್ತಾರೆ. ಅವತ್ತು ಮಗನ ಮುಂದೆ ನಡೆದವನು ಅಪ್ಪ, ಆ ಜಾಡು ಹಾಕಿದವನು ಅಪ್ಪ ಎನ್ನುತ್ತಾರೆ. ಅದನ್ನು ಕೇಳಿಕೊಂಡು ಆ ಊರಿನಲ್ಲಿ ಹೇಗೆ ಬದುಕಲಿ ಸೆಂಜಿ? ಇಷ್ಟು ವಯಸ್ಸಾದ ಮೇಲೆ ನನ್ನಿಂದ ಅದನ್ನೂ ಕಿತ್ತುಕೊಳ್ಳಬೇಡ.

ವಿಗಿಲ್


ಬೆಟ್ಟದ ಮನೆ, ಮಾರ್ಚ್ 26

ಪ್ರೀತಿಯ ಮಾವನವರಿಗೆ,

ಕಪ್ಪು ಬಂಡೆಯನ್ನು ಎಡದಿಂದಲೇ ಸುತ್ತಿದ್ದೇನೆ. ತಿರುವು ಇಕ್ಕಟ್ಟು, ನಿಜ. ಬೇಸಿಗೆಯಲ್ಲಿ ಅಲ್ಲಿಯ ಒಂದು ಮರದ ಬುಡ ಕಡಿದರೆ ಸರಿಯಾಗುತ್ತದೆ.

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅಳು ಬಂತು. ಆದರೂ ಸಂಘದವರು ಬಂದ ದಿನ ನಾನು ಏನು ಮಾಡಿದೆನೆಂದು ಹೇಳಬೇಕು.

ಹಿಂದಿನ ರಾತ್ರಿ ಹಿಮ ಬಿದ್ದಿತ್ತು, ಗಾಳಿಯೂ ಇತ್ತು. ನಾನು ಮೊದಲ ಸಲ ತುಳಿದು ಮುಗಿಸಿ ಎರಡನೆಯದಕ್ಕೆ ಇಳಿದು ಬರುವಾಗ ಚಿಕ್ಕಮಾವ ಒಂಟಿ ಬಂಡೆಯವರೆಗೆ ಹಳೆಯದನ್ನು ತುಳಿದು ನಿಂತಿದ್ದರು. ನನ್ನ ಜಾಡು ಆಗಲೇ ಮನೆ ಮುಟ್ಟಿತ್ತು, ಅವರಿಗೂ ಕಂಡಿತ್ತು, ಆದರೂ ತುಳಿದಿದ್ದರು. ಅಣ್ಣನಿಗಾಗಿ ಮರ್ಯಾದೆ ಮುರಿದೆ ಎಂಬುದು ಅವರ ಮುಖದಲ್ಲೇ ಇತ್ತು. ಸೇತುವೆಯ ಹತ್ತಿರ ಸಂಘದ ಮೂವರು ಸ್ಕೀ ಕಟ್ಟಿಕೊಳ್ಳುತ್ತಿದ್ದರು. ಅಧ್ಯಕ್ಷರು ಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಟಿರುವವರು, ದಪ್ಪ ಮನುಷ್ಯ, ಒಳ್ಳೆಯ ಸ್ಕೀಗಾರ. ಎರಡು ಜಾಡುಗಳನ್ನೂ ನೋಡಿದರು. ನಿಮ್ಮ ಮಾವ ಯಾವುದರಲ್ಲಿ ಕರೆದುಕೊಂಡು ಹೋಗುತ್ತಿದ್ದರು ಎಂದು ಕೇಳಿದರು. ಬಲಗಡೆಯದು ಎಂದೆ. ಸುಳ್ಳು ಹೇಳಲಿಲ್ಲ. ಸರಿ ಹಾಗಾದರೆ ಎಂದು ಬಲಕ್ಕೆ ತಿರುಗಿದರು.

ನಾನು ಬೆನ್ನ ಮೇಲಿನ ಸಲಿಕೆ ಇಳಿಸಿ ಹಿಮದಲ್ಲಿ ನೆಟ್ಟೆ.

“ಹೋಗಿ ಯಜಮಾನ್ರೇ, ಯಾರೂ ಬೇಡ ಅನ್ನಲ್ಲ. ನೀವು ದಾಟಿ ಮುಗಿಯೋವರೆಗೂ ನಾನಿಲ್ಲೇ ಸಲಿಕೆ ಹಿಡ್ಕೊಂಡು ನಿಂತಿರ್ತೀನಿ. ಈ ಚಳಿಗಾಲ ಎಲ್ಲಾ ಹಾಗೇ ನಿಂತಿದೀನಿ. ನನ್ನ ಗಂಡನ್ನ ಅಗೆದು ತೆಗೆಯೋವಾಗ ಸಲಿಕೆ ಸಾಕಾಗಿರ್ಲಿಲ್ಲ.”

ಅಧ್ಯಕ್ಷರು ಒಂದಿಷ್ಟು ಹೊತ್ತು ಕೊಪ್ಪರಿಗೆಯ ಕಡೆ ನೋಡಿ ಎಡಕ್ಕೆ ತಿರುಗಿದರು, ಉಳಿದಿಬ್ಬರೂ ಅವರ ಹಿಂದೆ. ಚಿಕ್ಕಮಾವ ಒಬ್ಬರೇ ಹಳೆಯದರಲ್ಲಿ ಹೋದರು. ನಾನು ನಿಂತೇ ಇದ್ದೆ. ದಾಟಿ ಆಚೆ ಹೋದರು. ಏನೂ ಆಗಲಿಲ್ಲ. ನಾವು ಮೇಲೆ ಹೋಗುವ ಹೊತ್ತಿಗೆ ಒಲೆಯ ಪಕ್ಕ ಕೂತು ಪೈಪ್ ಸೇದುತ್ತಿದ್ದರು, ಗೆದ್ದವರ ಹಾಗೆ. ಪೈಪಿಗೆ ಬೆಂಕಿಯನ್ನೇ ಹೊತ್ತಿಸಿರಲಿಲ್ಲ. ಅದನ್ನು ನಾನೊಬ್ಬಳೇ ನೋಡಿದೆ, ಸೂಪು ಕೊಟ್ಟೆ.

ಗುತ್ತಿಗೆ ಮುಂದುವರಿಸುತ್ತಾರೆ. ಆದರೆ ಜಾಡು ಒಂದೇ ಇರಬೇಕು, ಎರಡಿದ್ದರೆ ಬಂದವರು ಗೊಂದಲಕ್ಕೆ ಬೀಳುತ್ತಾರೆ ಎಂದರು. ಯಾವುದಕ್ಕೆ ಗುರುತಿನ ಗೂಟ ನೆಡಬೇಕೆಂದು ಗುತ್ತಿಗೆದಾರರೇ ಹೇಳಲಿ, ಅವರು ಹೇಳಿದ್ದೇ ನಕ್ಷೆಯಲ್ಲಿ ಅಚ್ಚಾಗುತ್ತದೆ ಎಂದರು. ಗುತ್ತಿಗೆದಾರರು ನೀವು.

ಊರಿನವರು ಏನನ್ನುತ್ತಾರೋ ನನಗೆ ಗೊತ್ತು. ನಾನು ಹಾಗೆ ಅನ್ನುವುದಿಲ್ಲ, ಎಂದೂ ಅಂದಿಲ್ಲ. ಎಲ್ಲರೂ ಹಾಕಿದ ಜಾಡಿನಲ್ಲಿ ನೀವು ನಡೆದಿರಿ, ಅವನೂ ನಡೆದ. ಅದು ನಿಮಗೊಬ್ಬರಿಗೆ ಸೇರಿದ್ದಲ್ಲ. ಆದರೆ ನೀವು ಹಳೆಯದಕ್ಕೇ ಗೂಟ ನೆಟ್ಟರೆ, ಬರುವ ಚಳಿಗಾಲದಿಂದ ನಾನು ಈ ಮನೆಯಲ್ಲಿ ಇರುವುದಿಲ್ಲ. ಹೆದರಿಸಲು ಬರೆದದ್ದಲ್ಲ. ನನ್ನಿಂದ ಆಗುವುದು ಇಷ್ಟು, ಆಗದಿರುವುದು ಅಷ್ಟು ಎಂದು ತಿಳಿಸಿದೆ.

ಅಕ್ಕನಿಗೆ ಹೆರಿಗೆಯ ದಿನ ಹತ್ತಿರ ಬಂತು. ಈಸ್ಟರಿಗೆ ಮನೆ ಮುಚ್ಚಿ ತವರಿಗೆ ಹೋಗಿಬರುತ್ತೇನೆ. ಬೀಗದ ಕೈ ಲೂಯಿಸನ ಹತ್ತಿರ.

ನಿಮ್ಮ ಸೊಸೆ,
ಸೆಂಜಿ


ಬೆಟ್ಟದ ಮನೆ, ಏಪ್ರಿಲ್ 18

ಸೆಂಜಿಗೆ,

ಕಾಗದದ ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಮನೆಯಲ್ಲಿದ್ದೇನೆ. ಆಸ್ಪತ್ರೆಯವರಿಗೆ ಊರಲ್ಲಿ ತಮ್ಮನ ಮನೆಯಲ್ಲಿ ಕೂತಿರುತ್ತೇನೆಂದು ಮಾತು ಕೊಟ್ಟಿದ್ದೆ. ಒಂದು ರಾತ್ರಿ ಕೂತಿದ್ದೆ, ಅದು ಸುಳ್ಳಲ್ಲ.

ಬೆಳಿಗ್ಗೆ ಎಂಗಲ್‌ಬರ್ಟನೂ ಲೂಯಿಸನೂ ನನ್ನ ಹಿಂದೆ ಬಂದರು, ನಾನು ಬಿದ್ದರೆ ಎತ್ತಲು. ಲೂಯಿಸ್ ಗೂಟಗಳ ಹೊರೆ ಹೊತ್ತಿದ್ದ. ಎಲ್ಲಿಗೆ ಎಂದು ಹೇಳಿರಲಿಲ್ಲ, ನನಗೇ ತಿಳಿದಿರಲಿಲ್ಲ. ಸೇತುವೆಯಿಂದ ಬಲಕ್ಕೆ ಹೊರಟೆ. ಕಾಲು ತಾನಾಗಿಯೇ ಆ ಕಡೆ ಹೋಯಿತು. ಒಂಟಿ ಬಂಡೆಯವರೆಗೆ ಹತ್ತಿ ಕೊಪ್ಪರಿಗೆಯ ಅಂಚಿಗೆ ಬಂದು ನಿಂತೆ. ಅವತ್ತಿನಿಂದ ಅಲ್ಲಿ ಎಷ್ಟೋ ಸಲ ದಾಟಿದ್ದೇನೆ, ಒಂದು ಸಲವೂ ತಲೆ ಎತ್ತಿ ಮೇಲೆ ನೋಡಿಲ್ಲ. ನಡೆಯುತ್ತಲೇ ಇರಬೇಕು ಎಂದು ಎಲ್ಲರಿಗೂ ಹೇಳುತ್ತಿದ್ದೆನಲ್ಲ, ನಾನೂ ನಡೆಯುತ್ತಲೇ ಇದ್ದೆ. ಈ ಕಾಲಿನಲ್ಲಿ ಬೇಗ ನಡೆಯಲು ಆಗುವುದಿಲ್ಲ, ಆದ್ದರಿಂದ ನೋಡಿದೆ. ಅಷ್ಟು ಹಿಮ ತೂಗಾಡುವ ಜಾಗದ ಅಡಿಯಲ್ಲಿ ನನ್ನ ಮಗ ರೊಟ್ಟಿ ಹೊತ್ತು ಬರುತ್ತಿದ್ದ.

ಅಲ್ಲಿಂದ ತಿರುಗಿದೆ. ಇಳಿಯುವಾಗ ಎರಡು ಸಲ ಬಿದ್ದೆ. ಸೇತುವೆಯಲ್ಲಿ ತೊಗಲುಪಟ್ಟಿ ಮತ್ತೆ ಕಟ್ಟಿಕೊಂಡು ನಿನ್ನ ಜಾಡಿನಲ್ಲಿ ಮೊದಲಿನಿಂದ ಹತ್ತಿದೆ. ಉದ್ದ, ಬಹಳ ಉದ್ದ. ಆದರೆ ಎಲ್ಲೂ ಕಡಿದಾಗಿಲ್ಲ, ಉಸಿರು ಹಿಡಿಯುವ ಹೊತ್ತಿಗೆ ಸರಿಯಾಗಿ ತಿರುವು ಬರುತ್ತದೆ. ಕಪ್ಪು ಬಂಡೆಯ ಹತ್ತಿರ ಮಾತ್ರ ನಿನ್ನನ್ನು ಬೈದೆ.

ಮರುದಿನ ಕೊಪ್ಪರಿಗೆಯ ಅಂಚಿನಲ್ಲಿದ್ದ ಅಪ್ಪನ ಕಾಲದ ಗೂಟ ಕೀಳಲು ಹೋದೆ. ಎಂಗಲ್‌ಬರ್ಟ್ ಅಡ್ಡ ಬಂದು ನಿಂತ. ಎಂದೂ ನನಗೆ ಎದುರಾಡದವನು.

“ಅಣ್ಣ, ನೀನು ಇದನ್ನ ಕಿತ್ತೆ ಅಂದ್ರೆ, ಕಾಸಿಯಾನ್ ಹೋಗಿದ್ದು ನಮ್ಮ ಜಾಡಿಂದ ಅಂತ ಊರಿಗೆಲ್ಲಾ ನೀನೇ ಸಾರಿದ ಹಾಗೆ. ಗೊತ್ತಾಗುತ್ತಾ ನಿಂಗೆ?”

“ಗೊತ್ತು. ಸಾರ್ತಿದೀನಿ. ನೀನು ಗೂಟ ಹಿಡ್ಕೋ,” ಎಂದೆ.

ಹಿಡಿದುಕೊಂಡ. ಇಬ್ಬರೂ ಸೇರಿ ಅಲ್ಲಾಡಿಸಿ ಕಿತ್ತೆವು. ಅವನು ಅಳುತ್ತಿದ್ದ, ನಾನೂ ಅಳುತ್ತಿದ್ದೆ, ಲೂಯಿಸ್ ಇದ್ದಾನೆಂಬುದೂ ಮರೆತುಹೋಗಿತ್ತು. ಹಾಗಾಗಿ ಈ ಸುದ್ದಿಯೂ ಇಗರ್ಜಿಯವರೆಗೆ ಹೋಗಿರುತ್ತದೆ. ಹೊಸ ಗೂಟಗಳು ಲಾರ್ಚ್ ಏಣಿನ ಮೇಲಿವೆ. ಸಂಘಕ್ಕೆ ಬರೆದಾಗಿದೆ.

ಮಗು ಹೇಗಿದೆ? ಅಕ್ಕ ಹುಷಾರಾಗುವವರೆಗೂ ಇದ್ದು ಬಾ. ಉತ್ತರದ ಕಡೆ ಮೋಡ ಕೂಡಿದೆ, ಏಪ್ರಿಲ್ ಆದರೂ ಇನ್ನೊಂದು ದೊಡ್ಡ ಹಿಮ ಬಾಕಿಯಿದೆ ಎಂದು ನನ್ನ ಕಾಲು ಹೇಳುತ್ತಿದೆ. ನೀನು ಬಂದ ಮೇಲೆ ಬಿದ್ದರೆ ಒಳ್ಳೆಯದು. ಮೊದಲು ನೀನು ತುಳಿ. ಎರಡನೆಯವನಾಗಿ ನಾನು ಹಿಂದೆ ಬರುತ್ತೇನೆ.

ನಿನ್ನ ಮಾವ,
ವಿಗಿಲ್